ಮುಚ್ಚಳದ ಮೇಲಿನ ಬೊಟ್ಟು

ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ ಒಂದು ಸರ್ಕಾರಿ ಬಂಗಲೆ ಇತ್ತು. ಅದರ ಮುಂದೆ ಅರ್ಧ ಎಕರೆ ಹುಲ್ಲು. ಹನ್ನೊಂದು ವರ್ಷ ಆ ಹುಲ್ಲನ್ನು ಕುಕ್ಕುರುಗಾಲಿನಲ್ಲಿ ಕೂತು ಕುಡುಗೋಲಿನಿಂದ ಕೊಯ್ದವನು ದೊಡ್ಡೇರಿ ಕಡೆಯ ಗೊಲ್ಲರಹಟ್ಟಿಯ ಅಂಜನಪ್ಪ. ದಿನಗೂಲಿ ಮಾಲಿ. “ಕುರಿ ಕಾಯೋರ ಮನೇಲಿ ಹುಟ್ಟಿ ಕುರಿ ಮಾಡೋ ಕೆಲ್ಸ ನಾನೇ ಮಾಡ್ತಾ ಇವ್ನಿ” ಎಂದು ತನ್ನನ್ನೇ ಆಡಿಕೊಂಡು ನಗುವ ಮನುಷ್ಯ. ಸಂಜೆ ಎದ್ದು ನಿಲ್ಲುವಾಗ ಮಾತ್ರ ಎರಡೂ ಮಂಡಿ ಹಿಡಿದುಕೊಂಡು ದೇವರನ್ನು ಕರೆಯುತ್ತಿದ್ದ.

ಎಂಬತ್ತೆರಡನೇ ಇಸವಿಯ ಮಳೆಗಾಲದಲ್ಲಿ, ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ಹುಲ್ಲು ಕತ್ತರಿಸುವ ಪೆಟ್ರೋಲ್ ಮಿಷನ್ನೊಂದು ಲಾರಿಯಲ್ಲಿ ಬಂದಿಳಿಯಿತು. ನಾಲ್ಕು ಪುಟ್ಟ ಗಾಲಿ, ಉದ್ದನೆಯ ಹಿಡಿ, ಬೆನ್ನ ಮೇಲೊಂದು ಸಣ್ಣ ಎಂಜಿನ್ನು. ಹಗ್ಗ ಎಳೆದರೆ ಸಾಕು, ಹೊರಟೇಬಿಡುತ್ತಿತ್ತು. ನಾಲ್ಕು ದಿನದ ಕೆಲಸ ಒಂದೇ ಬೆಳಗ್ಗೆ ಮುಗಿದಾಗ ಅಂಜನಪ್ಪ ಹುಣಸೆಮರದಡಿ ಕಾಲು ಚಾಚಿ ಕೂತು, ಇನ್ನೇನು ಮಾಡುವುದೆಂದು ತೋಚದೆ, ಮಿಷನ್ನಿನ ಮೈಯನ್ನೇ ಒರೆಸುತ್ತಾ ಹೊತ್ತು ಕಳೆದ. ಎಮ್ಮೆ ತೊಳೆದ ಹಾಗೆ ದಿನಾ ಅದನ್ನು ತೊಳೆಯುವುದು ಬೇಡ, ನೀರು ಹೋದರೆ ಕೆಡುತ್ತದೆ ಎಂದು ತಿಳಿಹೇಳಿದವರು ಬುಡೇನ್ ಸಾಬರು.

ಬುಡೇನ್ ಸಾಬರು ಶಿರಾದವರು. ಮಧುಗಿರಿಯ ಬಸ್ ನಿಲ್ದಾಣದ ಹಿಂದೆ ಅವರದೊಂದು ಅಂಗಡಿ. ಔಷಧಿ ಹೊಡೆಯುವ ಪಂಪು, ಸೀಮೆಎಣ್ಣೆ ಎಂಜಿನ್ನು, ಮೊಪೆಡ್ಡು, ಹೊಗೆ ಬಿಡುವುದೆಲ್ಲ ಅವರ ಬಾಗಿಲಿಗೇ ಬರಬೇಕು. ಬಂಗಲೆಯ ರಿಪೇರಿಯೂ ಅವರದೇ. ಎಂಜಿನ್ನಿನ ಎಣ್ಣೆ ನೋಡುವುದು, ಪ್ಲಗ್ಗು ಬಿಚ್ಚಿ ಉಜ್ಜುವುದು, ಎಲ್ಲವನ್ನೂ ಅಂಜನಪ್ಪನಿಗೆ ಬೈಯದೆ ಕಲಿಸಿದ್ದರು. ಆ ಕಾಲಕ್ಕೆ ಬೈಯದೆ ಕಲಿಸುವ ಮೇಸ್ತ್ರಿ ಸಿಗುವುದೇ ಅಪರೂಪ.

ಆಯುಧಪೂಜೆ ಬಂತು. ಬಂಗಲೆಯ ಉಸ್ತುವಾರಿಯ ಓವರ್‌ಸಿಯರ್ ಮಹಾಲಿಂಗಯ್ಯನವರು ತಾವೇ ಪಂಚೆಯುಟ್ಟು ಗಂಟೆ ಹಿಡಿದು ನಿಂತರು. ಗುದ್ದಲಿ, ಕುಡುಗೋಲು, ಪೈಪು ಎಲ್ಲಕ್ಕೂ ಬೊಟ್ಟಿಟ್ಟಾಯಿತು. ಮಿಷನ್ನಿನ ಮುಂದೆ ಅಂಜನಪ್ಪ ಯೋಚನೆಗೆ ಬಿದ್ದ. ಇದಕ್ಕೆ ಮುಖವಿಲ್ಲ, ಹಣೆ ಯಾವುದು? ಎಲ್ಲಕ್ಕಿಂತ ಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಗುಂಡಗೆ ಹೊಳೆಯುತ್ತಿತ್ತು. ಅದೇ ಹಣೆ ಎಂದು ತೀರ್ಮಾನಿಸಿ, ತೇದ ಗಂಧಕ್ಕೆ ಅರಿಶಿನ ಕುಂಕುಮ ಕಲಸಿ ನಟ್ಟನಡುವೆ ಒಂದು ಬೊಟ್ಟಿಟ್ಟ.

“ಏನಯ್ಯ ಅದು, ಸೊಳ್ಳೆ ಕಚ್ಚಿದಂಗಿದೆ! ದಪ್ಪಗಿಡು. ಸರ್ಕಾರದ ಮಿಷನ್ನು, ಕಳೆಯಾಗಿ ಕಾಣ್ಬೇಕು” ಎಂದರು ಮಹಾಲಿಂಗಯ್ಯನವರು.

ಬೊಟ್ಟು ರೂಪಾಯಿ ಅಗಲವಾಯಿತು. ಪೂಜೆಯ ಬೊಟ್ಟನ್ನು ನಮ್ಮ ಕಡೆ ಯಾರೂ ಒರೆಸುವುದಿಲ್ಲ, ತಾನಾಗಿ ಅಳಿಯುವವರೆಗೆ ಇರಬೇಕು. ಬಿಸಿಲಿಗೆ ಅದು ಗಾರೆಯ ಹಾಗೆ ಒಣಗಿ ಕೂತಿತು.

ಮಾರನೆಯ ವಾರ ಅಂಜನಪ್ಪ ಹುಲ್ಲು ಹೊಡೆಯಲು ಹಗ್ಗ ಎಳೆದ. ಎಂಜಿನ್ನು ಹತ್ತು ನಿಮಿಷ ಚೆನ್ನಾಗಿಯೇ ಓಡಿ, ಎರಡು ಸಲ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಹೊರಟಿತು, ಮತ್ತೆ ನಿಂತಿತು. ಸಂಜೆಯ ಹೊತ್ತಿಗೆ ಹುಲ್ಲು, ಅರ್ಧ ಬೋಳಿಸಿದ ತಲೆಯ ಹಾಗೆ ಕಾಣುತ್ತಿತ್ತು. ಶನಿವಾರ ತುಮಕೂರಿನಿಂದ ದೊಡ್ಡ ಇಂಜಿನಿಯರ್ ಬರುವವರಿದ್ದರು. ಕಾಯಂ ಆಗಬೇಕಾದ ದಿನಗೂಲಿಗಳ ಪಟ್ಟಿ ಅಂದೇ ಅವರ ಕೈ ಸೇರಬೇಕಿತ್ತು. ಪಟ್ಟಿಯಲ್ಲಿ ಅಂಜನಪ್ಪನ ಹೆಸರೂ ಇತ್ತು, ಮಹಾಲಿಂಗಯ್ಯನವರ ಸಹಿ ಇನ್ನೂ ಬಿದ್ದಿರಲಿಲ್ಲ.

“ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದೀಯ. ಮಿಕ್ಕಿದ ಪೆಟ್ರೋಲ್ ಎಲ್ಲಿ ಮಾರ್ದೆ? ಕಳ್ಳನ ಹೆಸರಿರೋ ಪಟ್ಟಿಗೆ ನಾನು ಸಹಿ ಹಾಕಲ್ಲ” ಎಂದುಬಿಟ್ಟರು ಅವರು.

ಹನ್ನೊಂದು ವರ್ಷದಲ್ಲಿ ಬಂಗಲೆಯ ಹುಣಸೆಹಣ್ಣು ಕೆಳಗೆ ಬಿದ್ದಿದ್ದರೂ ಕೇಳದೆ ಬಾಯಿಗಿಟ್ಟವನಲ್ಲ ಅಂಜನಪ್ಪ. ಕೆಲಸ ಹೋದರೆ ಹೋಗಲಿ, ಕಳ್ಳನೆನಿಸಿಕೊಂಡು ಹಟ್ಟಿಗೆ ಹೇಗೆ ಕಾಲಿಡುವುದು?

ಬುಧವಾರ ಮಿಷನ್ನನ್ನು ತಳ್ಳಿಕೊಂಡೇ ಬುಡೇನ್ ಸಾಬರ ಅಂಗಡಿಗೆ ಹೋದ. ಸಾಬರು ಕಥೆಯನ್ನೆಲ್ಲ ಕೇಳಿ, “ಕೈ ಚಾಚು” ಎಂದರು. ಟ್ಯಾಂಕಿನ ಪೆಟ್ರೋಲನ್ನು ನಾಲ್ಕು ತೊಟ್ಟು ಅವನ ಅಂಗೈಗೆ ಬಿಟ್ಟು ಊದಿದರು. ತಣ್ಣಗಾಗಿ, ಹಾಗೇ ಆರಿಹೋಯಿತು. ಅಂಗೈಯಲ್ಲಿ ಜಿಡ್ಡಿಲ್ಲ.

“ಸೀಮೆಎಣ್ಣೆ ಇದ್ದಿದ್ರೆ ಜಿಡ್ಡು ಉಳೀತಿತ್ತು. ಸಾಫಾಗೈತೆ.”

“ನಾನು ಅಂಥೋನಲ್ಲ ಸಾಬ್ರೇ.”

“ನಂಗೊತ್ತಿಲ್ವಾ? ಓವರ್‌ಸಿಯರ್ ಸಾಹೇಬ್ರಿಗೆ ನನ್ ನಂಬ್ಕೆ ಸಾಲಲ್ಲ, ಅದ್ಕೆ ನೋಡ್ದೆ.”

ಅಂಜನಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಆ ವಾರದಲ್ಲಿ ಅವನನ್ನು ನಂಬಿದ ಮಾತು ಅದೊಂದೇ.

ಸಾಬರು ಪ್ಲಗ್ಗು ಬಿಚ್ಚಿ ಕಿಡಿ ನೋಡಿದರು, ನೀಲಿ ಕಿಡಿ, ಸರಿಯಾಗಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸಿದರು. ಟ್ಯಾಂಕಿನ ಮುಚ್ಚಳ ಬೆಂಚಿನ ಮೇಲೆಯೇ ಇತ್ತು. ಎಂಜಿನ್ನು ಅರ್ಧ ಗಂಟೆ ಓಡಿತು, ಒಂದು ಸಲವೂ ನಿಲ್ಲಲಿಲ್ಲ. ಅಂಜನಪ್ಪ ಮುಚ್ಚಳ ಬಿಗಿದು ಖುಷಿಯಿಂದ ತಳ್ಳಿಕೊಂಡು ಬಂದ. ಗುರುವಾರ ಹುಲ್ಲಿಗಿಳಿಸಿದರೆ ಅದೇ ಹತ್ತು ನಿಮಿಷ, ಅದೇ ಕೆಮ್ಮು.

ಶುಕ್ರವಾರ ಬೆಳಿಗ್ಗೆ ಸಾಬರೇ ಸೈಕಲ್ ತುಳಿದುಕೊಂಡು ಬಂದರು. ಸ್ಪ್ಯಾನರ್ ಚೀಲ ಬಿಚ್ಚಲಿಲ್ಲ. ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

“ಓಡ್ಸು. ಅಂಗಡೀಲಿ ಯಾಕೆ ನಿಲ್ಲಲ್ಲ, ಇಲ್ಯಾಕೆ ನಿಲ್ತೈತೆ, ನೋಡೇ ಬುಡಾಣ.”

ಎಂಜಿನ್ನು ನಿಂತಿತು. ಸಾಬರು ಎದ್ದು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದರು. ಸುಯ್ ಎಂದು ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಇಬ್ಬರಿಗೂ ಕೇಳಿಸಿತು. ಹಗ್ಗ ಎಳೆದರೆ ಎಂಜಿನ್ನು ಒಂದೇ ಏಟಿಗೆ ಹೊರಟಿತು.

“ಅಂಜನಪ್ಪ, ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಹೊಡೀತಾರೆ?”

“ಎಲ್ಡು. ಒಂದು ಎಣ್ಣೆ ಬರಾಕೆ, ಒಂದು ಗಾಳಿ ಹೋಗಾಕೆ.”

“ಇದಕ್ಕೂ ಗಾಳಿ ತೂತು ಐತೆ. ಈ ಮುಚ್ಚಳದ ಮೇಲೆ, ಸೂಜಿ ಮೊನೆಯಷ್ಟು. ಎಲ್ಲೋಯ್ತು ಅದು?”

ಮುಚ್ಚಳದ ಮೇಲೆ ರೂಪಾಯಿ ಅಗಲದ ಬೊಟ್ಟು. ಅಂಜನಪ್ಪ ನೋಡಿದ. ಅರ್ಥವಾಯಿತು. ಅಷ್ಟು ಭಕ್ತಿಯಿಂದ ಅದರ ಉಸಿರು ಕಟ್ಟಿಸಿದವನು ತಾನೇ.

ಸಾಬರು ನಗಲಿಲ್ಲ. ಮುಚ್ಚಳವನ್ನು ಅವನ ಕೈಗಿಟ್ಟು, “ಪೂಜೇದು. ನಾನು ಕೆರೆಯೋದು ಬ್ಯಾಡ, ನೀನಿಟ್ಟಿದ್ದು ನೀನೇ ತೆಗಿ. ನೀನು ಹಣೆ ಅಂದ್ಕೊಂಡೆ, ಅದು ಮೂಗು ಕಣಪ್ಪ” ಎಂದರು.

ಅಂಜನಪ್ಪ ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದು ತಂದ. ಮುಚ್ಚಳಕ್ಕೆ ಕೈಮುಗಿದು, ನಡುವೆ ಮೆಲ್ಲಗೆ ಚುಚ್ಚಿದ. ಮಧ್ಯಾಹ್ನಕ್ಕೆ ಅರ್ಧ ಎಕರೆಯೂ ಚಾಪೆ ಹಾಸಿದಂತಾಯಿತು.

ಜೀಪಿನಿಂದಿಳಿದ ಮಹಾಲಿಂಗಯ್ಯನವರು ಹುಲ್ಲು ನೋಡಿ, “ಏನಾಗಿತ್ತು ಸಾಬ್ರೇ?” ಎಂದರು.

ಅಂಜನಪ್ಪ ಬಾಯಿ ತೆರೆಯುವ ಮೊದಲೇ ಸಾಬರು ಹೇಳಿದರು. “ನನ್ ತಪ್ಪು ಸಾರ್. ಮುಚ್ಚಳದ ಗಾಳಿ ತೂತು ಕಟ್ಕೊಂಡಿತ್ತು, ಸರ್ವೀಸ್ ಮಾಡ್ದಾಗ ನೋಡ್ಲಿಲ್ಲ. ಪೆಟ್ರೋಲ್ ಸಾಫಾಗೈತೆ.”

“ನಿಮ್ಮ ಅಜಾಗರೂಕತೆಗೆ ಇವನನ್ನ ಕಳ್ಳ ಅಂದುಬಿಟ್ಟೆನಲ್ರೀ! ಇನ್ಮೇಲೆ ಈ ಬಂಗಲೆ ಕೆಲಸ ನಿಮಗಿಲ್ಲ.”

ಸಾಬರು ತಲೆಯಾಡಿಸಿ ಚೀಲವನ್ನು ಸೈಕಲ್ಲಿಗೆ ಕಟ್ಟತೊಡಗಿದರು. ಮಹಾಲಿಂಗಯ್ಯನವರು ಪಟ್ಟಿ ಹೊರತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು. ಅಂಜನಪ್ಪ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಬದುಕು ದಡ ಸೇರುತ್ತಿತ್ತು. ಅವನು ಸೈಕಲ್ಲಿನ ಹಿಂದೆ ಹಗ್ಗ ಬಿಗಿಯುತ್ತಿದ್ದ ಆ ಕಪ್ಪು ಕೈಗಳನ್ನು ನೋಡಿದ.

“ಬುದ್ಧೀ, ಸಾಬ್ರದ್ದೇನೂ ತಪ್ಪಿಲ್ಲ. ನಾನಿಟ್ಟ ಪೂಜೆ ಬೊಟ್ಟಿಂದ ತೂತು ಮುಚ್ಚೋಗಿತ್ತು. ನನ್ನ ಉಳ್ಸಾಕೆ ಅವ್ರು ಸುಳ್ಳೇಳವ್ರೆ. ಸಹಿ ಹಾಕ್ದಿದ್ರೂ ಸರಿ, ಅವ್ರ ಕೆಲ್ಸ ತಪ್ಪಿಸ್ಬ್ಯಾಡಿ.”

ಮಹಾಲಿಂಗಯ್ಯನವರ ಪೆನ್ನು ಗಾಳಿಯಲ್ಲಿ ನಿಂತಿತು. ಮುಚ್ಚಳದ ಮೇಲೆ ಉಳಿದಿದ್ದ ಕುಂಕುಮವನ್ನು ಬಗ್ಗಿ ನೋಡಿದರು.

“ದಪ್ಪಗಿಡು ಅಂದೋನು ಯಾರಯ್ಯ?”

ಅಂಜನಪ್ಪ ನೆಲ ನೋಡಿದ.

“ನಾನೇ ಅಲ್ವಾ?” ಎಂದವರೇ ಜೀಪಿನ ಬಾನೆಟ್ಟಿನ ಮೇಲೆ ಪಟ್ಟಿಯಿಟ್ಟು ಸಹಿ ಹಾಕಿದರು. “ಸಾಬ್ರೇ, ಜೀಪಿನ ಟ್ಯಾಂಕ್ ಮುಚ್ಚಳಾನೂ ಒಂದ್ಸಲ ನೋಡಿಬಿಡಿ. ಅದಕ್ಕೆ ನಾನೇ ಇಟ್ಟಿದ್ದೀನಿ.”

ಅಂಜನಪ್ಪ ಕಾಯಂ ಆದ. ಅಲ್ಲಿಂದ ಮುಂದೆ ಮಿಷನ್ನಿನ ಬೊಟ್ಟು ಹಿಡಿಯ ಮೇಲೆ ಬೀಳತೊಡಗಿತು. ಪ್ರತಿವರ್ಷ ಪೂಜೆ ಮುಗಿಸಿ, ಕಡ್ಲೆಪುರಿಯ ಮೊದಲ ತಟ್ಟೆ ಹಿಡಿದು ಸಾಬರ ಅಂಗಡಿಗೆ ನಡೆಯುತ್ತಿದ್ದ. ತಟ್ಟೆಯಲ್ಲಿ ಒಂದು ಜಾಲಿಮುಳ್ಳೂ ಇರುತ್ತಿತ್ತು.

“ಪ್ರತಿ ವರ್ಷ ಈ ಮುಳ್ಳು ಯಾತಕ್ಕಪ್ಪ?” ಎಂದು ಸಾಬರು ಒಮ್ಮೆ ಕೇಳಿದರು.

“ಅವತ್ತು ಉಸಿರು ಕಟ್ಟಿದ್ದು ಮಿಷನ್ನಿಗೊಂದಕ್ಕೇನಾ ಸಾಬ್ರೇ?”

ಸಾಬರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಂದು ಹಿಡಿ ಪುರಿ ತೆಗೆದುಕೊಂಡು, ಬೆಂಚಿನ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.