ಅತ್ತೆ ತುಳಿದ ಕರೆಂಟು

ನಾರಾಯಣಗೂಡದ ಕಾಲೇಜಿನಲ್ಲಿ ನನ್ನ ಮಗಳ ತರಗತಿಯವರು ವಿಜ್ಞಾನ ಪ್ರದರ್ಶನ ಇಟ್ಟಿದ್ದರು. ಅತ್ತೆಯನ್ನೂ ಕರೆದುಕೊಂಡು ಹೋದೆ. ಅವರು ಹುಡುಗಿಯರ ಶಾಲೆಯಲ್ಲಿ ಆಟದ ಟೀಚರಾಗಿ ನಿವೃತ್ತರಾದವರು. ಎಪ್ಪತ್ತರ ಹತ್ತಿರ ಬಂದರೂ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವ ಜೀವ.

ಮಗಳ ಗುಂಪು ಒಂದು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರಕ್ಕೆ ದೊಡ್ಡ ಡೈನಮೊ ಜೋಡಿಸಿತ್ತು. ಎದುರಿನ ಹಲಗೆಯ ಮೇಲೆ ಒಂದು ಎಲ್‌ಇಡಿ, ಹಳೇ ಕಾಲದ ನೂರು ವಾಟಿನ ಬಲ್ಬು, ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ. ಸೈಕಲ್ ತುಳಿದು ಇವನ್ನು ನಡೆಸಬೇಕು.

ಅತ್ತೆ ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟರು. ಎಲ್‌ಇಡಿ ಒಂದೆರಡು ಸುತ್ತಿಗೇ ಬೆಳಗಿತು. ಮಗಳು ಬಲ್ಬಿನ ಸ್ವಿಚ್ಚು ಹಾಕಿದ್ದೇ ಪೆಡಲು ಬಿಗಿಯಾಯಿತು. ಅತ್ತೆ ಹಲ್ಲು ಕಚ್ಚಿ ತುಳಿದರು. ಬಲ್ಬಿನೊಳಗಿನ ತಂತಿ ಕೆಂಪಾಯಿತು.

"ಇಂಕಾ ಕೊಂಚೆಂ, ಅಮ್ಮಮ್ಮಾ," ಎಂದು ತೆಲುಗಿನ ಹುಡುಗಿಯರು ಇನ್ನೂ ಸ್ವಲ್ಪ ತುಳಿಯುವಂತೆ ಹುರಿದುಂಬಿಸಿದರು. ಅತ್ತೆ ಇನ್ನಷ್ಟು ತುಳಿದರು. ಬಲ್ಬು ಝಗ್ಗನೆ ಹೊತ್ತಿಕೊಂಡು ಅವರ ಬೆವೆತ ಮುಖ ಬೆಳಗಿತು.

ಮಗಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚೂ ಹಾಕಿದಳು, ಅದು ಮಾತ್ರ ತಣ್ಣಗೇ ಉಳಿಯಿತು. ಪೆಡಲು ಅಲುಗಲೇ ಇಲ್ಲ.

"ಯಾಕವಾ, ಇದು ಬಿಸಿನ ಆಗವಲ್ದಲ್ಲ?" ಎಂದು ನನ್ನ ಮಗಳನ್ನು ಕೇಳಿದರು ಅತ್ತೆ.

"ಇದು ಸಾವಿರ ವಾಟಿಂದೈತಿ, ಅಜ್ಜಿ. ನಿನ್ನಂಥಾ ಹತ್ತು ಮಂದಿ ಒಮ್ಮೆಲೆ ತುಳೀಬೇಕು. ಗೀಸರಿಗೆ ಇಪ್ಪತ್ತು ಮಂದಿ."

"ಮತ್ತ ಬಿಲ್ಲಿನಾಗ ಒಂದು ಯೂನಿಟ್ ಅಂತಾರಲ್ಲ?"

"ಆ ದೊಡ್ಡ ಬಲ್ಬು ಹತ್ತು ತಾಸು ಉರಿಸಿದ್ರ ಒಂದು ಯೂನಿಟ್. ಮುಂಜಾನಿಂದ ಸಂಜಿತನಕಾ ತುಳೀಬೇಕು ನೀ."

ಅತ್ತೆ ಇಳಿದು ಏದುಸಿರು ಬಿಡುತ್ತ ಬಲ್ಬನ್ನೇ ನೋಡಿದರು. "ಅಷ್ಟಕ್ಕ ನಾವು ಒಂದು ಕಪ್ ಚಾದ ರೊಕ್ಕನೂ ಕೊಡಂಗಿಲ್ಲಲ್ಲ," ಎಂದರು ಮೆಲ್ಲಗೆ.

ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದ ಅತ್ತೆ ಬೇಗ ಇಳಿಯಲಿಲ್ಲ. ಹುಡುಕಿಕೊಂಡು ಹೋದೆ. ಕೋಠಿ ಬಡಾವಣೆಯ ಕಡೆಗೆ ಕಣ್ಣು ಹಾಯುವವರೆಗೂ ದೀಪಗಳು ಹತ್ತುತ್ತಿದ್ದವು.

"ಇಷ್ಟೆಲ್ಲಾ ಯಾರು ತುಳಿಯಾಕತ್ತಾರವಾ?" ಎಂದರು. ತಮಾಷೆಯ ದನಿಯಲ್ಲ. ಎಲ್ಲೋ ಉರಿಯುವ ಕಲ್ಲಿದ್ದಲು, ಅಣೆಕಟ್ಟಿನಿಂದ ಧುಮುಕುವ ನೀರು ಎಂದು ನನಗೆ ತಿಳಿದದ್ದನ್ನು ಹೇಳಿದೆ.

ಮರುದಿನ ಅತ್ತೆ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರನ್ನೆಲ್ಲ ಪ್ರದರ್ಶನಕ್ಕೆ ಹೊರಡಿಸಿದರು. ಈ ಸಲ ನಾನೂ ಸೈಕಲ್ ಹತ್ತಿದೆ. ತಂತಿ ಕೆಂಪಾಗುವಷ್ಟರಲ್ಲೇ ತೊಡೆ ನಡುಗಿ ಏದುಸಿರು ಬಂತು. ಇಳಿದು, ಗೋಡೆ ಹಿಡಿದು, ಸಭಾಂಗಣದ ಸೂರಿನಲ್ಲಿ ಸಾಲಾಗಿ ತಿರುಗುತ್ತಿದ್ದ ಫ್ಯಾನುಗಳನ್ನು ಬಹಳ ಹೊತ್ತು ನೋಡುತ್ತ ನಿಂತೆ.