ಲೋಟ ವಾಪಸ್ ಕೊಡುವವರೆಗೆ

ಗೌರಕ್ಕನಿಗೆ ನಿಂತಿರುವ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಹಾಲು ಹಾಕುವವನಿರಲಿ, ಕರೆಂಟಿನ ಮೀಟರ್ ನೋಡಲು ಬಂದವನಿರಲಿ, ಮದುವೆಗೆ ಕರೆಯಲು ಬಂದ ನೆಂಟರಿರಲಿ, ಮೊದಲು ಅವರ ಕೈಗೊಂದು ಸ್ಟೀಲ್ ಲೋಟ ತುರುಕಿ "ಕುಂತ್ಕಳಿ" ಎನ್ನುತ್ತಿದ್ದರು. ಕುಳಿತ ಮೇಲೇ ಮಿಕ್ಕ ಮಾತು. ಲೋಟದಲ್ಲಿ ಬರೀ ನೀರು. ಜಗಲಿಯ ಮೂಲೆಯಲ್ಲಿದ್ದ ಮಣ್ಣಿನ ಹರವಿಗೆ ಲಾವಂಚದ ಬೇರು ಹಾಕಿಟ್ಟು ಮೊಗೆದುಕೊಟ್ಟ ತಣ್ಣನೆಯ ನೀರು. ಅದನ್ನು ಒಂದೇ ಗುಟುಕಿಗೆ ಕುಡಿದು ಹೊರಟವರನ್ನು ನಾನಂತೂ ನೋಡಿಲ್ಲ.

ನಾನು ಹಳೇಬೀಡಿನಲ್ಲಿ ಗೈಡು. ದೇವಸ್ಥಾನದಿಂದ ಬಸ್ತಿಹಳ್ಳಿಯ ಬಸದಿಗಳ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಬೀದಿ. ಬೀದಿಯ ಮೊದಲ ಮನೆ ಗೌರಕ್ಕನದು, ಕೊನೆಯದು ನನ್ನದು. ಗೌರಕ್ಕ ಹಾರನಹಳ್ಳಿಯಿಂದ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಒಬ್ಬರೇ ಗಟ್ಟಿಯಾಗಿ ಇದ್ದರು. ನನಗಿಂತ ಎಷ್ಟೋ ದೊಡ್ಡವರು. ನನ್ನನ್ನು ಕರೆಯುತ್ತಿದ್ದದ್ದು "ಏನ್ಲಾ ಚಂದ್ರ" ಎಂದೇ, ಅದೂ ನನ್ನ ಹಿಂದೆ ಪ್ರವಾಸಿಗಳು ಸಾಲಾಗಿ ಬರುತ್ತಿರುವಾಗಲೇ. ನನ್ನ ಮರ್ಯಾದೆ ಅಲ್ಲಿಗೆ ಮುಗಿಯುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಸ್ಥಿತಿ ಹೇಳುವ ಹಾಗಿರಲಿಲ್ಲ. ಎಲ್ಲರ ಕೈಗೂ ಫೋನು ಬಂದು ಚಿತ್ರದ ಕಾರ್ಡು ಮಾರುವವರ ಬಾಯಿಗೆ ಮಣ್ಣು ಬಿದ್ದಿತ್ತು. ಆಮೇಲೆ ಅದೇ ಫೋನು ದೇವಸ್ಥಾನದ ಕಥೆಯನ್ನೂ ಹೇಳತೊಡಗಿ, ಕಿವಿಗೆ ವೈರು ಸಿಕ್ಕಿಸಿಕೊಂಡವರು ನನ್ನನ್ನು ಕಂಬ ದಾಟುವಂತೆ ದಾಟಿ ಹೋಗತೊಡಗಿದರು. ಬಂದವರು ಗಂಟೆಯೊಳಗೆ ನೋಡಿ, ಫೋಟೋ ತೆಗೆದು, ಕಾರು ಹತ್ತಿ ಊಟಕ್ಕೆ ಬೇಲೂರಿಗೆ ಓಡುತ್ತಿದ್ದರು. ನೋಡುವುದು ನಮ್ಮೂರಿನಲ್ಲಿ, ಉಣ್ಣುವುದು ಬೇಲೂರಿನಲ್ಲಿ. ಇದು ಯಾವ ಸೀಮೆಯ ನ್ಯಾಯ! ಬೀದಿಯಲ್ಲಿ ಒಂದೆರಡು ಮನೆಯವರು ಆಗಲೇ ಗಂಟುಮೂಟೆ ಕಟ್ಟಿದ್ದರು. ನಾನೂ ಅರಸೀಕೆರೆಗೆ ಹೋಗಿ ಯಾವುದಾದರೂ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದೆ.

ಒಂದು ದಿನ ಗೌರಕ್ಕನ ಜಗಲಿಯಲ್ಲಿ ಕುಳಿತು ಪ್ರವಾಸಿಗಳನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಗೌರಕ್ಕ ಅಷ್ಟನ್ನೂ ಕೇಳಿಸಿಕೊಂಡು, ರಸ್ತೆಯಲ್ಲಿ ಬಾಟಲಿ ಎತ್ತಿ ಕುಡಿಯುತ್ತ ಹೋಗುತ್ತಿದ್ದ ಒಬ್ಬನನ್ನು ತೋರಿಸಿದರು.

"ನೋಡ್ಲಾ, ಬಾಟ್ಲಿ ಹಿಡ್ಕಂಡೋನು ನಡ್ಕಂಡೇ ಕುಡೀತಾನೆ. ಅದೇ ಲೋಟ ಕೊಟ್ರೆ ಕುಂತ್ಕಂಡು ಕುಡೀಬೇಕು. ಲೋಟ ವಾಪಸ್ ಕೊಡೋಗಂಟ ಅವ್ನು ನಮ್ಮೋನು."

ಅಷ್ಟೇ. ಊರುಗಳನ್ನು ಉಳಿಸುವುದು ಹೇಗೆ ಎಂದು ಎಷ್ಟೋ ಸಭೆಗಳಲ್ಲಿ ಕುಳಿತು ಆಕಳಿಸಿದ್ದೇನೆ. ನನ್ನ ತಲೆಯಲ್ಲಿ ನಿಂತದ್ದು ಇದೊಂದೇ. ಮಾರನೆಯ ದಿನ ನಾನು ಬಸದಿ ತೋರಿಸಲು ಕರೆದೊಯ್ಯುತ್ತಿದ್ದವರನ್ನು ಗೌರಕ್ಕ ಅಡ್ಡಗಟ್ಟಿ ನೀರು ಕೊಟ್ಟು ಕೂರಿಸಿದರು. ಕುಳಿತವರು ಸುಮ್ಮನಿರುತ್ತಾರೆಯೇ? ಎದುರುಮನೆಯಿಂದ ರೊಟ್ಟಿ ಬೇಯುವ ವಾಸನೆ ಬಂತು. ಏನದು ಎಂದು ಕೇಳಿದರು. ಎದುರುಮನೆಯ ಸುಮಿತ್ರ, ಚಿತ್ರದ ಕಾರ್ಡು ಮಾರುತ್ತಿದ್ದವನ ಹೆಂಡತಿ, ನಾಚಿಕೊಂಡೇ ಒಂದು ರಾಗಿ ರೊಟ್ಟಿ ತಂದುಕೊಟ್ಟಳು. ಬೀದಿಯವರೆಲ್ಲ ಸೇರಿ ದುಡ್ಡಿಗೆ ಊಟ ಹಾಕುವ ನಮ್ಮ ಊಟದ ಮನೆ ಶುರುವಾದದ್ದು ಹೀಗೆ.

ಅದನ್ನು ನಡೆಸಲು ಗೌರಕ್ಕ ಒಂದು ಕಟ್ಟಳೆ ಮಾಡಿದರು. ಯಾವ ಮನೆಯೂ ಪೂರ್ತಿ ಅಡಿಗೆ ಮಾಡಕೂಡದು. ರೊಟ್ಟಿ ಸುಮಿತ್ರಳ ಬಾಬ್ತು, ಅಂದರೆ ಅವಳ ಪಾಲಿನ ಕೆಲಸ. ಮಜ್ಜಿಗೆ ಎಮ್ಮೆ ಸಾಕಿದ್ದ ಜಯಮ್ಮನ ಬಾಬ್ತು. ಹುಚ್ಚೆಳ್ಳು ಚಟ್ನಿ ಒಂದು ಮನೆಯದು, ಕಾಳಿನ ಹುಳಿ ಇನ್ನೊಂದು ಮನೆಯದು, ಕೊಬ್ಬರಿ ಮಿಠಾಯಿ ಮತ್ತೊಂದು ಮನೆಯದು. ಉಣ್ಣುವವರು ಕೂರುವುದು ಗೌರಕ್ಕನ ಜಗಲಿಯಲ್ಲಿ. ಗೌರಕ್ಕನ ಬಾಯಲ್ಲಿ ಪ್ರವಾಸಿಗಳೆಲ್ಲ ನೆಂಟರೇ; ಒಬ್ಬ ನೆಂಟ ಬಂದರೂ ಬೀದಿಯ ಅಷ್ಟೂ ಒಲೆ ಉರಿಯಬೇಕು ಎಂಬುದು ಅವರ ಹಟ. ತಮಗೆ ಮಾತ್ರ ನೀರನ್ನು ಇಟ್ಟುಕೊಂಡರು. ಅದನ್ನು ತ್ಯಾಗ ಎಂದು ಯಾರೂ ತಿಳಿಯಬೇಕಾಗಿಲ್ಲ. ಗೌರಕ್ಕನಷ್ಟು ಕೆಟ್ಟದಾಗಿ ಅಡಿಗೆ ಮಾಡುವವರು ಹಾಸನ ಜಿಲ್ಲೆಯಲ್ಲೇ ಇರಲಿಲ್ಲ. ಅವರ ಸಾರು ಉಂಡವನು ನಾನು, ನನಗೆ ಗೊತ್ತು. ಅವರಿಗೂ ಗೊತ್ತಿತ್ತು. "ನೀರು ಕೆಡ್ಸಕ್ಕಾಗಲ್ಲ ಕಣ್ಲಾ" ಎಂದು ನಗುತ್ತಿದ್ದರು.

ಬಾಬ್ತಿನ ವಿಷಯದಲ್ಲಿ ನಮ್ಮ ಬೀದಿಯವರು ಎಷ್ಟು ಕಟ್ಟುನಿಟ್ಟು ಎಂದರೆ, ಒಮ್ಮೆ ಜಯಮ್ಮ ಬಾಣಾವರಕ್ಕೆ ಮದುವೆಗೆ ಹೋದಾಗ ನೆಂಟರಿಗೆ ಮಜ್ಜಿಗೆಯೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಗಡಿಗೆ ತುಂಬ ಮಜ್ಜಿಗೆಯಿತ್ತು. ಕೊಡಿ ಎಂದು ಕೇಳಿದರೆ, ಜಯಮ್ಮನ ಬಾಬ್ತಿಗೆ ಕೈಹಾಕುವವರು ನಾವಲ್ಲ ಎಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಗೌರಕ್ಕ ಮಾತ್ರ ಕಟ್ಟಳೆ ಉಳಿಯಿತೆಂದು ಬಹಳ ಸಂತೋಷಪಟ್ಟರು.

ನನಗೆ ಯಾವ ಬಾಬ್ತೂ ಇರಲಿಲ್ಲ. ನಾನು ಗೈಡು, ಜನರನ್ನು ಕರೆತರುವವನು, ಇನ್ನೇನು ಬೇಕು ಎಂದು ಬೀಗುತ್ತಿದ್ದೆ. ಗೌರಕ್ಕ ಬಿಡುತ್ತಿರಲಿಲ್ಲ. ಎಲ್ಲರ ಎದುರಿಗೆ, "ನಿನ್ ಬಾಬ್ತು ಯಾವ್ದ್ಲಾ ಚಂದ್ರ? ಬರೀ ಬಾಯಾ?" ಎಂದು ಕೇಳಿ ಹೆಂಗಸರನ್ನೆಲ್ಲ ನಗಿಸುತ್ತಿದ್ದರು.

ಒಂದು ಸಲ ಎಲ್ಲ ಮುರಿದುಬೀಳುವುದರಲ್ಲಿತ್ತು. ಪ್ರವಾಸಿಗಳನ್ನು ಬಸ್ಸಿನಲ್ಲಿ ಕರೆತರುವವನೊಬ್ಬ ಸುಮಿತ್ರಳ ರೊಟ್ಟಿ ತಿಂದು ಮರುಳಾದ. ವಾರವಾರವೂ ಬಸ್ಸು ತರುತ್ತೇನೆ, ಆದರೆ ಇಷ್ಟು ಮನೆಗಳ ರಗಳೆ ಬೇಡ, ಪೂರ್ತಿ ಊಟ ನಿಮ್ಮ ಮನೆಯಲ್ಲೇ ಆಗಲಿ ಎಂದ. ಸುಮಿತ್ರ ಒಪ್ಪಿದಳು. ಅವಳದು ತಪ್ಪೆಂದು ಹೇಗೆ ಹೇಳುವುದು? ಗಂಡನಿಗೆ ದುಡಿಮೆಯಿರಲಿಲ್ಲ, ಮನೆ ತುಂಬ ಮಕ್ಕಳಿದ್ದರು. ಆದರೂ ಬೀದಿಯವರೆಲ್ಲ ಅವಳೊಂದಿಗೆ ಮಾತು ಬಿಟ್ಟರು. ಬಸ್ಸು ಅವಳೊಬ್ಬಳ ಪಾಲಾದರೆ ಉಳಿದ ಒಲೆಗಳೆಲ್ಲ ಆರುತ್ತವೆ ಎಂಬುದು ನಮಗೆಲ್ಲ ಗೊತ್ತಿತ್ತು. ನಾನು ಅವಳನ್ನು ಬಾಯಿಗೆ ಬಂದಂತೆ ಬೈಯಲು ಹೊರಟಾಗ ಗೌರಕ್ಕ ನನ್ನನ್ನು ಗದರಿಸಿ ಕೂರಿಸಿದರು. ತಾವೇ ಸುಮಿತ್ರಳ ಮನೆಗೆ ಹೋಗಿ, "ನೀನು ಮಾಡವ್ವ. ಬಂದೋರ್ಗೆ ನೀರು ಮಾತ್ರ ನಾನೇ ತತ್ತೀನಿ, ಅದು ನನ್ ಬಾಬ್ತು" ಎಂದು ಹೇಳಿ ಬಂದರು.

ಬಸ್ಸು ಬಂತು. ಜನ ಸುಮಿತ್ರಳ ಪಡಸಾಲೆ ತುಂಬಿ ಅಂಗಳದವರೆಗೂ ಕುಳಿತರು. ಅವಳು ರೊಟ್ಟಿ ತಟ್ಟುವಳೋ, ಹುಳಿ ಬಡಿಸುವಳೋ? ತಟ್ಟುವುದು ಬಿಟ್ಟು ಬಡಿಸಲು ಬಂದರೆ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರೇ ಹೊರತು ಒಬ್ಬರೂ ಹೆಜ್ಜೆ ಎತ್ತಿಡಲಿಲ್ಲ. ಗೌರಕ್ಕ ನೀರು ಕೊಟ್ಟು ಮುಗಿಸಿದವರೇ ಕೈಯಲ್ಲಿ ಖಾಲಿ ಲೋಟ ಹಿಡಿದುಕೊಂಡು ಮನೆಮನೆಯ ಬಾಗಿಲಿಗೆ ಹೋದರು. ಯಾರಿಗೂ ಬುದ್ಧಿ ಹೇಳಲಿಲ್ಲ, ಕೈಮುಗಿಯಲಿಲ್ಲ. "ಜನ ಕುಂತವ್ರೆ" ಎಂದರು, ಅಷ್ಟೇ.

ಕುಳಿತವರನ್ನು ಹಸಿದುಕೊಂಡು ಏಳಲು ಬಿಡುವವರು ನಮ್ಮ ಕಡೆ ಇಲ್ಲ. ಜಯಮ್ಮ ಮಜ್ಜಿಗೆಯ ಗಡಿಗೆ ಎತ್ತಿಕೊಂಡು ಮೊದಲು ಹೊರಟಳು. ಹಿಂದೆಯೇ ಚಟ್ನಿ ಬಂತು, ಹುಳಿ ಬಂತು, ಮಿಠಾಯಿಯೂ ಬಂತು. ಸುಮಿತ್ರ ಒಲೆಯ ಮುಂದೆ ಕುಳಿತು ಅಳುತ್ತಲೇ ರೊಟ್ಟಿ ತಟ್ಟಿದಳು. ಬಸ್ಸಿನವನು ಹೊತ್ತಾಯಿತು ಎಂದು ಗೊಣಗಿದ. ಅವನ ಜನ ಏಳಲೇ ಇಲ್ಲ. ಮುಂದಿನ ವಾರ ಬಂದಾಗ ಅವನೇ ಜನರನ್ನು ನೇರವಾಗಿ ಗೌರಕ್ಕನ ಜಗಲಿಗೆ ಕರೆತಂದ. ನಾನು ಅರಸೀಕೆರೆಯ ಮಂಡಿಯ ಯೋಚನೆ ಬಿಟ್ಟದ್ದು ಆವತ್ತೇ.

ಹೋದ ಬೇಸಿಗೆಯಲ್ಲಿ ಗೌರಕ್ಕ ಹಾಸಿಗೆ ಹಿಡಿದರು. ನೋಡಲು ಹೋದರೆ ಮಲಗಿದ್ದಲ್ಲಿಂದಲೇ ಕಣ್ಣಿನಲ್ಲಿ ಗೋಡೆಯ ಪಕ್ಕದ ಮಣೆ ತೋರಿಸಿದರು. ಕುಳಿತೆ. ಬಸ್ಸು ಬಂತಾ, ಎಷ್ಟು ಹೊತ್ತು ಕುಂತಿದ್ರು ಎಂದು ವಿಚಾರಿಸಿದರು. ಹೊರಗಿನ ಹರವಿಯಿಂದ ನೀರು ತಂದು ನಾನೇ ಅವರಿಗೆ ಕುಡಿಸಿದೆ. ಕುಡಿದು ಲೋಟವನ್ನು ನನ್ನ ಕೈಗೆ ಕೊಟ್ಟರು, ಬೆರಳನ್ನು ಮಾತ್ರ ಬಿಡಲಿಲ್ಲ. "ನಿನ್ ಬಾಬ್ತು ಯಾವ್ದು ಅಂತ ಇನ್ನೂ ಹೇಳ್ಳಿಲ್ವಲ್ಲೋ" ಎಂದರು. ಆ ಸಲ ನಗಿಸಲು ಕೇಳಿದ ಹಾಗಿರಲಿಲ್ಲ. ನಾಳೆ ಬತ್ತೀನಕ್ಕ ಎಂದು ಎದ್ದು ಬಂದೆ. ಆ ನಾಳೆಗೆ ಅವರು ಉಳಿಯಲಿಲ್ಲ.

ತಿಥಿಯ ದಿನ ಬೀದಿಯವರು ಅಡಿಗೆಯವರನ್ನು ಕರೆಸಲು ಬಿಡಲಿಲ್ಲ. ನಮ್ಮ ನಮ್ಮ ಬಾಬ್ತನ್ನು ನಾವೇ ತರುತ್ತೇವೆಂದರು. ಹಾರನಹಳ್ಳಿಯಿಂದ ಬಂದಿದ್ದ ಗೌರಕ್ಕನ ತಮ್ಮನನ್ನೂ ನೆಂಟರನ್ನೂ ಅದೇ ಜಗಲಿಯಲ್ಲಿ ಕೂರಿಸಿ ಎಲೆ ಹಾಕಿದರು. ರೊಟ್ಟಿ ಬಂತು, ಚಟ್ನಿ, ಹುಳಿ, ಮಿಠಾಯಿ, ಮಜ್ಜಿಗೆ, ಎಲ್ಲ ಬಂತು. ಎರಡು ತುತ್ತು ಉಣ್ಣುವಷ್ಟರಲ್ಲಿ ತಮ್ಮನಿಗೆ ಬಿಕ್ಕಳಿಕೆ ಹತ್ತಿತು. ನೀರು ಎಂದರು. ಸುಮಿತ್ರ ಜಯಮ್ಮನ ಮುಖ ನೋಡಿದಳು. ಜಯಮ್ಮ ಮೂಲೆಯ ಕಡೆ ನೋಡಿದಳು. ಅಷ್ಟು ಮನೆಗಳಲ್ಲಿ ಒಬ್ಬರೂ ಒಂದು ಲೋಟ ನೀರು ತಂದಿರಲಿಲ್ಲ. ಮೂಲೆಯಲ್ಲಿ ಹರವಿ ಒಣಗಿತ್ತು, ಅದರ ಪಕ್ಕದಲ್ಲಿ ಲೋಟಗಳು ಬೋರಲಾಗಿದ್ದವು. ಬಡಿಸುತ್ತಿದ್ದ ಹೆಂಗಸರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅಲ್ಲೇ ಅತ್ತರು. ಸಾವಿನ ದಿನವೂ ಯಾರೂ ಹಾಗೆ ಅತ್ತಿರಲಿಲ್ಲ.

ಪಾಪ, ಆ ತಮ್ಮ ಬಿಕ್ಕಳಿಸುತ್ತಲೇ ಇದ್ದರು. ನಾನು ಎದ್ದು ಹರವಿ ತೊಳೆದು ತುಂಬಿಸಿದೆ. ಗೂಡಿನಲ್ಲಿದ್ದ ಲಾವಂಚದ ಕಟ್ಟು ಬಿಚ್ಚಿ ಒಂದಷ್ಟು ಬೇರು ಹಾಕಿದೆ. ಗೌರಕ್ಕ ಎಷ್ಟು ಹಾಕುತ್ತಿದ್ದರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊದಲ ಲೋಟ ತಮ್ಮನ ಕೈಗೆ ಕೊಟ್ಟೆ. ಆಮೇಲೆ ಸಾಲಾಗಿ ಎಲ್ಲರಿಗೂ ಕೊಟ್ಟುಕೊಂಡು ಬಂದೆ. ಗೌರಕ್ಕನ ಬಾಬ್ತಿಗೆ ಕೈಹಾಕಬೇಡ ಎಂದು ಯಾರೂ ನನ್ನನ್ನು ತಡೆಯಲಿಲ್ಲ.