ಸಂಘದ ಗುರುತು ಬೀಳದ ಕೇಜ್

ಬಣಕಲ್‌ನಲ್ಲಿ ಹೆದ್ದಾರಿಯ ಬದಿಗೆ ನಮ್ಮ ಶೆಡ್ ಇದೆ. ರ್‍ಯಾಲಿಗೆ ಹೋಗಿ ಗುಡ್ಡಗಾಡಿನಲ್ಲಿ ಪಂದ್ಯ ಓಡುವ ಜೀಪುಗಳಿಗೆ ನಮ್ಮ ಯಜಮಾನರು ಅಲ್ಲಿ ಕೇಜ್ ಕಟ್ಟುತ್ತಿದ್ದರು. ಕೇಜ್ ಎಂದರೆ ಜೀಪಿನೊಳಗೆ ಕೂರಿಸುವ ಉಕ್ಕಿನ ಪೈಪುಗಳ ಚೌಕಟ್ಟು. ಜೀಪು ಮಗುಚಿದಾಗ ಒಳಗಿನವರ ತಲೆ ಉಳಿಸುವುದು ಅದೇ. ಪೈಪು ಕತ್ತರಿಸಿ, ಒಂದರ ತುದಿ ಇನ್ನೊಂದರ ಮೈಗೆ ಸರಿಯಾಗಿ ಒರಗುವ ಹಾಗೆ ಉಜ್ಜಿ ಕೊಡುವುದು ನನ್ನ ಕೆಲಸ. ವೆಲ್ಡಿಂಗ್ ಅವರದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಈ ಕೆಲಸ ಮಾಡುವ ವರ್ಕ್‌ಶಾಪಿನವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ಮೊದಲು ಸಂಘವಿರಲಿಲ್ಲ. ಗಿರಾಕಿ ಕೈತಪ್ಪಬಾರದೆಂದು ನೀರಿನ ಪೈಪಿನಲ್ಲೇ ಕೇಜ್ ಕಟ್ಟಿಕೊಟ್ಟವರೂ ಇದ್ದರು. ಅಂಥದೊಂದು ಜೀಪು ಇಳಿಜಾರಿನ ತೋಟದಲ್ಲಿ ಉರುಳಿತು. ಓಡಿಸುತ್ತಿದ್ದ ಹುಡುಗ ಮತ್ತೆ ಎದ್ದು ನಡೆಯಲಿಲ್ಲ. ಸಂಘ ಹುಟ್ಟಿದ್ದು ಆಮೇಲೆ. ಒಳ್ಳೆಯ ಪೈಪನ್ನು ಸಂಘವೇ ಒಟ್ಟಿಗೆ ತರಿಸಿ, ಕೇಜ್ ಕಟ್ಟುವವರಿಗೆ ಹಂಚುತ್ತದೆ. ತಾನು ಕಟ್ಟಿದ್ದನ್ನು ತಾನೇ ಸರಿಯಿದೆ ಎನ್ನುವಂತಿಲ್ಲ. ಬೇರೆ ವರ್ಕ್‌ಶಾಪಿನವರು ಬಂದು ನೋಡಿ, ಪಂಚ್ ಇಟ್ಟು ಹೊಡೆದು ಸಂಘದ ಗುರುತು ಮೂಡಿಸಿದರೆ ಮಾತ್ರ ಆ ಜೀಪಿಗೆ ರ್‍ಯಾಲಿಯಲ್ಲಿ ಪ್ರವೇಶ. ಸರಿಯಿಲ್ಲದ ಕೇಜನ್ನು ಕಟ್ಟಿದವನೇ ಅಲ್ಲೇ ಕತ್ತರಿಸಬೇಕು. ಅದರ ಮೇಲೆ ಇನ್ನೊಂದು ಸಾಲು ವೆಲ್ಡಿಂಗ್ ಬಳಿದು ಇನ್ಯಾರಿಗೋ ದಾಟಿಸಬಾರದೆಂದು ಈ ನಿಯಮ.

ಈ ಸಲ ಮಳೆ ಬಿಟ್ಟ ಮೇಲೆ ನಾವು ಕಟ್ಟಿದ ಮೊದಲನೇ ಕೇಜನ್ನು ನೋಡಲು ಸಂಘದ ಅಧ್ಯಕ್ಷರೇ ಬಂದರು. ಕಳಸದಲ್ಲಿ ಗ್ಯಾರೇಜ್ ಇಟ್ಟಿರುವ ಅವರನ್ನು ಎಲ್ಲರೂ ಭಾಯಿ ಎನ್ನುತ್ತಾರೆ. ಅವರೂ ನಮ್ಮ ಮನೆಯವರೂ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಶೆಡ್ಡಿನ ಬಾಗಿಲು ಕಿರ್ರೆಂದಿತು.

“ಊರೋರಿಗೆಲ್ಲ ಕೇಜ್ ಕಟ್ತೀಯ, ನಿನ್ ಬಾಗ್ಲಿಗೆ ಒಂದು ಹನಿ ಎಣ್ಣೆ ಇಲ್ಲ,” ಎಂದರು ಭಾಯಿ.

“ಎಣ್ಣೆ ಹಾಕಿದ್ರೆ ನೀನು ಬಂದಿದ್ದು ಗೊತ್ತಾಗೋದು ಹೆಂಗೆ ಮಾರಾಯ,” ಎಂದರು ಇವರು. ಇಬ್ಬರೂ ನಕ್ಕರು.

ಭಾಯಿ ಜೀಪಿನೊಳಗೆ ಅಂಗಾತ ಮಲಗಿ, ಸಣ್ಣ ಕನ್ನಡಿ ಹಿಡಿದು ಟಾರ್ಚ್ ಬಿಟ್ಟು, ಒಂದೊಂದೇ ಜೋಡಣೆ ನೋಡುತ್ತಾ ಬಂದರು. ಮೆಣಸಿನ ಬಳ್ಳಿಗೆ ಬಂದ ಸೊರಗು ರೋಗದ ಬಗ್ಗೆ ಮಾತಾಡುತ್ತಲೇ ಇದ್ದರು. ಓಡಿಸುವವರ ತಲೆಯ ಹಿಂದೆ ಮೂರು ಪೈಪು ಕೂಡುವ ಇಕ್ಕಟ್ಟಿನ ಜಾಗಕ್ಕೆ ಬಂದಾಗ ಮಾತು ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದು ಹೊರಗೆ ಬಂದರು. ಕನ್ನಡಿಯನ್ನು ಇವರ ಕೈಗೆ ಕೊಟ್ಟು, ಆ ಜಾಗವನ್ನು ನೀನೇ ಒಮ್ಮೆ ನೋಡು ಎಂದರು.

ಇವರು ಒಳಗೆ ಹೋಗಿ ಸರಿಯಾಗಿ ಅದೇ ಜಾಗಕ್ಕೆ ಕನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು.

“ಚೆನ್ನಾಗೇ ಕೂತಿದೆಯಲ್ಲ,” ಎಂದರು.

ಭಾಯಿ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಬಗ್ಗಿ, ಇವರ ತೋರುಬೆರಳು ಹಿಡಿದು ಆ ಜೋಡಣೆಯ ಮೇಲೆ ಮೆಲ್ಲಗೆ ಎಳೆದರು. ವೆಲ್ಡಿಂಗ್ ಪೈಪುಗಳು ಕೂಡುವ ಜಾಗವನ್ನು ಬಿಟ್ಟು ಒಂದೇ ಪೈಪಿನ ಮೈಮೇಲೆ ಹರಿದಿತ್ತು. ಪಕ್ಕದಲ್ಲಿ ಸಂದು ಬಾಯಿ ಬಿಟ್ಟುಕೊಂಡೇ ಇತ್ತು. ಇವರ ಉಗುರು ಅದರಲ್ಲಿ ಸಿಕ್ಕಿ ನಿಂತಿತು.

“ಯಾವಾಗಿಂದ?” ಭಾಯಿ ಕೇಳಿದರು.

“ಮಳೆಗಾಲದಿಂದ. ನೆಟ್ಟಗೆ ನೋಡಿದ್ರೆ ನಡುವೆ ಮಬ್ಬು. ಸುತ್ತ ಎಲ್ಲ ಕಾಣ್ತದೆ. ವಾಪಸ್ ಬರಲ್ಲ ಅಂದ್ರು ಡಾಕ್ಟ್ರು.”

ನನಗೂ ಅದು ಗೊತ್ತಾಗಿದ್ದು ಆ ಮಾತು ಕೇಳಿದಾಗಲೇ. ಮಳೆಗಾಲದಲ್ಲಿ ಒಮ್ಮೆ, ಪೈಪು ಕತ್ತರಿಸುವ ಗ್ರೈಂಡರ್ ರಿಪೇರಿ ಎಂದು ಚಿಕ್ಕಮಗಳೂರಿಗೆ ಹೋಗಿ ಬಂದಿದ್ದರು. ಗ್ರೈಂಡರ್ ಕೆಟ್ಟೇ ಇರಲಿಲ್ಲ.

ಪಂಚ್ ಭಾಯಿಯ ಜೇಬಿನಲ್ಲಿತ್ತು. ಅವರು ಅದನ್ನು ಮುಟ್ಟಲಿಲ್ಲ. ನೀವೇ ಒಂದು ಸಾಲು ವೆಲ್ಡಿಂಗ್ ಹಾಕಿ ಗುರುತು ಹೊಡೆದುಬಿಡಿ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಆದರೆ ಆ ಜೀಪು ಓಡಿಸಬೇಕಾದವಳು ಬಾಳೂರಿನ ತೋಟದವರ ಮಗಳು. ಸೀಟಿನ ಅಳತೆ ಕೊಡಲು ಬಂದವಳು ನಮ್ಮ ಮನೆಯಲ್ಲಿ ಊಟ ಮಾಡಿ, ತನ್ನ ತಟ್ಟೆ ತಾನೇ ತೊಳೆದಿಟ್ಟು ಹೋಗಿದ್ದಳು. ನಾನು ಸೀಮೆಸುಣ್ಣ ಹುಡುಕಿ ತಂದೆ.

ಗ್ರೈಂಡರ್ ತಾನು ಹಿಡಿಯುತ್ತೇನೆಂದು ಭಾಯಿ ಕೈ ಚಾಚಿದರು. ಇವರು ಕೊಡಲಿಲ್ಲ. ಕತ್ತರಿಸುವ ಕಡೆ ನಾನು ಸೀಮೆಸುಣ್ಣದಿಂದ ದಪ್ಪಗೆ ಗೆರೆ ಎಳೆದೆ. ಇವರು ಮುಖ ಓರೆ ಮಾಡಿ, ಕಣ್ಣಂಚಿನಲ್ಲಿ ಆ ಗೆರೆಯನ್ನು ಹುಡುಕಿಕೊಂಡರು. ಪೈಪು ತುಂಡಾಗುವಾಗ ಭಾಯಿ ಅದನ್ನು ಗೋಣಿ ಸುತ್ತಿದ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ನೆಲಕ್ಕಿಟ್ಟರು. ಎಲ್ಲ ತುಂಡುಗಳನ್ನೂ ಹಾಗೆಯೇ ಇಟ್ಟರು.

“ಇನ್ನು ನನ್ನನ್ನ ಸಂಘದಿಂದ ಬಿಟ್ಬಿಡು,” ಎಂದರು ಇವರು.

“ಹಂಗಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಲ್ಲ. ಅದ್ಕೇ ನಾನೇ ಹೇಳ್ತಿರೋದು.”

ಭಾಯಿಗೆ ಮಾಡಿಕೊಟ್ಟ ಕಾಫಿ ಬೆಂಚಿನ ಮೇಲೆ ಆರಿತು. ಜೀಪಿಗೆ ಹೊಸ ಕೇಜನ್ನು ಕಳಸದ ಗ್ಯಾರೇಜಿನಲ್ಲೇ ಕಟ್ಟುವುದೆಂದು ತೀರ್ಮಾನವಾಯಿತು. ಬಾಳೂರಿಗೆ ಫೋನ್ ಮಾಡಿ ಇರುವ ವಿಷಯ ಇರುವ ಹಾಗೆ ಹೇಳಿದವರು ಇವರೇ.

ಶೆಡ್ಡಿನ ಗೋಡೆಗೆ ಒರಗಿಸಿದ್ದ ಹೊಸ ಪೈಪುಗಳು ಹಾಗೇ ಉಳಿದಿದ್ದವು. ಕೇಜ್ ಕಟ್ಟದವನ ಶೆಡ್ಡಿನಲ್ಲಿ ಸಂಘದ ಪೈಪು ಇರಬಾರದೆಂದು ಇವರು ಭಾಯಿಗೆ ಮತ್ತೆ ಮತ್ತೆ ಹೇಳಿ ಕಳಿಸಿದರು. ಕೊನೆಗೆ ಒಂದು ಬೆಳಿಗ್ಗೆ ಭಾಯಿ ಪಿಕಪ್ ತಂದರು. ಆವತ್ತು ಬಾಗಿಲನ್ನು ಆಡಿಕೊಳ್ಳಲಿಲ್ಲ. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಪೈಪುಗಳನ್ನು ಹೇರಿದರು. ಪ್ರತಿ ಪೈಪನ್ನೂ ಬಿಡುವ ಮೊದಲು ಇವರು ಅದರ ಮೈಮೇಲೆ ಅಂಗೈ ಆಡಿಸುತ್ತಿದ್ದರು. ಹಗ್ಗ ಬಿಗಿದು, ಹಿಂದಕ್ಕೆ ಚಾಚಿದ್ದ ತುದಿಗಳಿಗೆ ನಾನೊಂದು ಕೆಂಪು ಬಟ್ಟೆ ಕಟ್ಟಿದೆ. ಭಾಯಿ ಬರುತ್ತೇನೆ ಅಕ್ಕ ಎಂದು ಗಾಡಿ ಹತ್ತಿಕೊಂಡರು.

ಗಾಡಿ ಹೊರಟಿತು. ಹಿಂದೆಯೇ ಎರಡು ಬಸ್ಸು ಬಂದು ಸದ್ದೆಲ್ಲ ಒಂದರೊಳಗೊಂದು ಸೇರಿಹೋಯಿತು. ಇವರು ರಸ್ತೆಯ ಕಡೆ ಮುಖ ಮಾಡಿ ನಿಂತೇ ಇದ್ದರು.

“ತಿರುವು ದಾಟ್ತಾ?” ಎಂದು ಕೇಳಿದರು.

ಗಾಡಿ ತಿರುವಿನ ಹತ್ತಿರ ರಸ್ತೆ ಬದಿಗೆ ನಿಂತಿತ್ತು. ಭಾಯಿ ಇಳಿದಿರಲಿಲ್ಲ. ಸ್ಟೀರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದು ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು.

“ದಾಟ್ತು,” ಎಂದೆ.